ನಾಲ್ಕನೇ ದಂಡೆಯ ಜುಂಜಮ್ಮ

ಕಿರಕ್ ಎಂದು ಕಾಲಡಿಯಲ್ಲಿ ಚಿಪ್ಪು ಮುರಿಯಿತು. ಜುಂಜಮ್ಮ ಎತ್ತಿದ ಇನ್ನೊಂದು ಕಾಲನ್ನು ಹಾಗೇ ಹಿಡಿದು ನಿಂತು ಬಗ್ಗಿ ನೋಡಿದಳು. ಬಸವನಹುಳದ ಚಿಪ್ಪು. ಬಿಸಿಲಿಗೆ ಬೆಳ್ಳಗಾಗಿ ಒಳಗೆ ಏನೂ ಇಲ್ಲದ್ದು. ಉಸಿರು ಬಿಟ್ಟು ಕಾಲು ಊರಿದಳು. ಕೆರೆಯ ನೀರು ಹಿಂದೆ ಸರಿದ ಮೇಲೆ ದಂಡೆಯ ತುಂಬ ಇಂಥವೇ. ನಡೆದಾಗಲೆಲ್ಲ ಹತ್ತಾರು ಮುರಿಯುತ್ತವೆ, ಪ್ರತಿ ಸಲವೂ ಅವಳ ಎದೆ ಒಂದು ಗಳಿಗೆ ನಿಂತು ಮುಂದೆ ಹೋಗುತ್ತದೆ. ಚೈತ್ರ ಬಂತೆಂದರೆ ಇದೇ ಮರಳಿನ ಮೇಲೆ ಮೊಟ್ಟೆಗಳೂ ಇರುತ್ತವೆ. ಅವಕ್ಕೆ ಗೂಡಿಲ್ಲ, ಹುಲ್ಲಿಲ್ಲ, ಮರೆಯಿಲ್ಲ. ಮರಳಿನ ಬಣ್ಣ, ಮರಳಿನ ಚುಕ್ಕೆ. ಇಟ್ಟ ಹಕ್ಕಿಗೆ ಬಿಟ್ಟರೆ ಅವು ಕಾಣುವುದು ಜುಂಜಮ್ಮನಿಗೆ ಮಾತ್ರ ಎಂದು ಕಣೇಕಲ್ಲಿನಲ್ಲಿ ಹೇಳುತ್ತಾರೆ.

ಕಣೇಕಲ್ಲು ಕೆರೆಯ ದಂಡೆಯನ್ನು ಏಳು ಭಾಗ ಮಾಡಿ ಒಬ್ಬೊಬ್ಬರಿಗೆ ಒಂದೊಂದು ವಹಿಸಿದ್ದಾರೆ. ತೂಬಿನ ಮೆಟ್ಟಿಲಿನಿಂದ ಅಗಸರ ಹಾಸುಗಲ್ಲಿನವರೆಗಿನದು ನಾಲ್ಕನೆಯದು. ಹಗರಿ ಹೊಳೆಯ ಕಡೆಯಿಂದ ಗಾಳಿ ಹೊತ್ತು ತಂದ ಮರಳು ಇಲ್ಲಿಯೇ ಹೆಚ್ಚು ಬಂದು ಬಿದ್ದಿದೆ. ಮೂರು ವರ್ಷದಿಂದ ಪ್ರತಿ ಬುಧವಾರ, ಬಿಸಿಲೇರುವ ಮೊದಲು, ಜುಂಜಮ್ಮ ಈ ದಂಡೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಾಳೆ. ನೀರು ತೂಬಿನ ಎಷ್ಟನೇ ಮೆಟ್ಟಿಲಿಗಿದೆ, ಬಣ್ಣವೇನು, ವಾಸನೆಯಿದೆಯೇ, ಸತ್ತ ಮೀನು ಎಷ್ಟು, ಹರಿದ ಬಲೆಯ ತುಂಡುಗಳೆಷ್ಟು, ಯಾವ ಹಕ್ಕಿ ಎಷ್ಟು. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆಯುತ್ತಾಳೆ. ಇದಕ್ಕೆ ಸಂಬಳವಿಲ್ಲ. ಒಂದು ಟೋಪಿ, ಒಂದು ಹಾಳೆಗಟ್ಟು, ವರ್ಷಕ್ಕೊಮ್ಮೆ ರಾಯದುರ್ಗದಲ್ಲಿ ಒಂದು ಊಟ. ಟೋಪಿಯನ್ನು ಅವಳ ಗಂಡ ನರಸಪ್ಪ ಮೊದಲ ದಿನವೇ ತೆಗೆದುಕೊಂಡ. ಅದನ್ನು ಹಾಕಿಕೊಂಡೇ ಬಸ್ ಸ್ಟ್ಯಾಂಡಿಗೆ ಹೋಗಿ, ನಮ್ಮ ಮನಿಯಾಗ ಕುರಿ ಕಾಯಾವ ನಾನು, ಕೆರಿ ಕಾಯಾಕಿ ಇಕಿ ಎಂದು ಸಿಕ್ಕವರಿಗೆಲ್ಲ ಹೇಳುತ್ತಾನೆ.

ಅವಳನ್ನು ಈ ಕೆಲಸಕ್ಕೆ ಹಚ್ಚಿದವರು ಶಾಂತಕುಮಾರಿ. ರಾಯದುರ್ಗದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಮೇಡಂ. ಒಂದು ದಿನ ಅವರು ಹುಡುಗಿಯರನ್ನು ಕರೆತಂದು, ದುರ್ಬೀನು ಹಿಡಿದು, ಆಚೆ ದಂಡೆಯ ಬಿಳಿ ಚುಕ್ಕೆಗಳಿಗೆ ಏನೋ ಹೆಸರು ಹೇಳುತ್ತಿದ್ದರು. ಪಕ್ಕದಲ್ಲಿ ಕುರಿ ಮೇಯಿಸುತ್ತಿದ್ದ ಜುಂಜಮ್ಮ, ಅಲ್ಲ ಕಣಮ್ಮ, ಅದರ ಕೊಕ್ಕು ಹಳದಿ, ತಲೆ ಮೇಲೆ ಕರೀ ಟೋಪಿ ಐತೆ, ನೀವು ಹೇಳ್ತಿರೋದು ಬೇರೆ ಹಕ್ಕಿ ಎಂದಳು. ಶಾಂತಕುಮಾರಿ ಮತ್ತೊಮ್ಮೆ ದುರ್ಬೀನು ತಿರುಗಿಸಿದರು. ಹೌದಾಗಿತ್ತು. ಅಷ್ಟು ದೂರದ್ದು ಹೇಗೆ ಕಂಡಿತು ಎಂದಿದ್ದಕ್ಕೆ, ನೂರು ಕುರಿಯೊಳಗೆ ನಮ್ಮ ಕುರಿ ಕಾಣ್ದಿದ್ರೆ ಬದುಕೋದೆಂಗೆ ಎಂದು ಇವಳು ನಕ್ಕಳು. ಬಾಲ ಕತ್ತರಿಯಂತೆ ಸೀಳಿದ್ದರಿಂದ ಆ ಹಕ್ಕಿಗೆ ಜುಂಜಮ್ಮನ ಬಾಯಲ್ಲಿ 'ಕತ್ತರಿ' ಎಂದೇ ಹೆಸರು. ಈಗ ಮೇಡಂ ಕೂಡ ಹಾಗೇ ಅನ್ನುತ್ತಾರೆ.

ಜುಂಜಮ್ಮನಿಗೆ ಐವತ್ತೆರಡು. ತವರು ಮಡಕಶಿರಾ ಕಡೆ, ಅಮರಾಪುರದ ಹತ್ತಿರದ ಹಟ್ಟಿ. ಮೂವತ್ತು ವರ್ಷ ಸಂಸಾರ ಮಾಡಿದರೂ ನಾಲಿಗೆ ಅಲ್ಲಿಯದೇ ಉಳಿದಿದೆ. ಇಲ್ಲಿಯವರು 'ಐತಿ' ಎಂದರೆ ಇವಳು 'ಐತೆ' ಎನ್ನುತ್ತಾಳೆ, ಇವರು 'ರೀ' ಹಚ್ಚುವಲ್ಲಿ ಇವಳದು 'ಕಣ'. ಓಣಿಯ ಹೆಂಗಸರು ಬೇಕೆಂದೇ ಅವಳ ಹತ್ತಿರ ಮಾತು ತೆಗೆದು ನಗುವುದುಂಟು. ಐದನೇ ಇಯತ್ತೆವರೆಗೆ ಕನ್ನಡ ಶಾಲೆ. ತೆಲುಗು ಓದಲು ಕಲಿತದ್ದು ಬಸ್ಸಿನ ಬೋರ್ಡುಗಳಿಂದ. ಮೇಡಂ ಕೊಟ್ಟ ಹಾಳೆ ತೆಲುಗಿನಲ್ಲಿದೆ, ಇವಳು ತುಂಬುವುದು ಕನ್ನಡದಲ್ಲಿ. ಇಬ್ಬರಿಗೂ ಅದರಿಂದ ತೊಂದರೆಯಾಗಿರಲಿಲ್ಲ.

ಆ ಬುಧವಾರ ಹಾಸುಗಲ್ಲಿನ ಹತ್ತಿರ ಬಂದಾಗ ಮರಳಿನಲ್ಲಿ ಬಿದಿರು ಗೂಟಗಳು ಕಂಡವು. ಒಂದೊಂದರ ತುದಿಗೂ ಕೆಂಪು ಬಟ್ಟೆಯ ತುಂಡು, ನಡುವೆ ಎಳೆದ ದಾರ. ಟೇಪು ಹಿಡಿದು ನಿಂತಿದ್ದ ಯುವಕ ಇವಳ ಕೈಯ ಹಾಳೆ ನೋಡಿ ತಾನೇ ಎದುರು ಬಂದ. ಕೆರೆ ಕೆಲಸದ ಇಂಜಿನಿಯರು, ನಾಗಾರ್ಜುನ. ಅನಂತಪುರದವನು, ಬಂದು ನಾಲ್ಕು ತಿಂಗಳು. ತೆಲುಗಿನ ರಾಗದ ಮೇಲೆ ಕನ್ನಡ ಆಡುತ್ತಾನೆ.

“ನೀವೇನಾ ಜುಂಜಮ್ಮ? ನಿಮ್ದು ಚಾಲಾ ನೀಟ್ ಲೆಕ್ಕ ಅಮ್ಮಾ. ಏಳು ಜನರಲ್ಲಿ ನಿಮ್ದೇ ನೀಟು.”

ಜುಂಜಮ್ಮನಿಗೆ ಸಂತೋಷವಾಯಿತು. ಆ ಸಂತೋಷ ಅವನು ಮುಂದಿನ ಮಾತು ಆಡುವವರೆಗೆ ಇತ್ತು. ಕೆರೆಯ ಏರಿ ಎರಡು ಕಡೆ ಒಸರುತ್ತಿದೆ, ಆಷಾಢದಲ್ಲಿ ಕಾಲುವೆ ನೀರು ಬರುವುದರೊಳಗೆ ಮಣ್ಣು ತುಂಬಿ ಬಿಗಿಮಾಡಬೇಕು, ಆ ಮಣ್ಣನ್ನು ಕೆರೆಯ ದಂಡೆಯಲ್ಲೇ ತೆಗೆಯಬೇಕು, ಶುಕ್ರವಾರ ಎರಡು ಮಷೀನು ಬರುತ್ತವೆ ಎಂದು ಅವನು ವಿವರಿಸಿದ. ಹಕ್ಕಿ ಮರಿ ಮಾಡುವ ಜಾಗ ಬಿಟ್ಟು ತೆಗೆಯಬೇಕೆಂದು ತಾನೇ ಹಟ ಹಿಡಿದು, ಮೇಡಂ ಹತ್ತಿರ ಮೂರು ವರ್ಷದ ಹಾಳೆಗಳ ನಕಲು ತರಿಸಿಕೊಂಡೆ ಎಂದ. ಆರು ದಂಡೆಗಳ ಹಾಳೆಗಳಲ್ಲಿ ಕೊನೆಯ ಕಾಲಂ ತುಂಬಿತ್ತು. ಎಲ್ಲೋ ನಾಲ್ಕು, ಎಲ್ಲೋ ಒಂಬತ್ತು. ನಾಲ್ಕನೇ ದಂಡೆಯದು ಮಾತ್ರ ಮೂರು ವರ್ಷವೂ ಸೊನ್ನೆ.

“ಅದಕ್ಕೇ ಇಲ್ಲಿ ಮಾರ್ಕ್ ಮಾಡಿಸ್ದೆ. ನಿಮ್ಮ ಲೆಕ್ಕದ ಮೇಲೇನೇ.”

ಅವನ ಬೆನ್ನ ಹಿಂದೆ, ಹತ್ತು ಮಾರು ದೂರದಲ್ಲಿ, ಒಂದು ಕತ್ತರಿ ಕೂತಿತ್ತು. ಹೊಟ್ಟೆಯನ್ನು ಮರಳಿಗೆ ಒತ್ತಿ, ಕೊಕ್ಕನ್ನು ಗಾಳಿಗೆ ಎದುರು ಹಿಡಿದು, ಇವಳನ್ನೇ ನೋಡುತ್ತಿತ್ತು. ಅದರ ಆಚೆ ಇನ್ನೊಂದು. ಎರಡು ಗೂಟಗಳ ನಡುವೆ ಮತ್ತೊಂದು. ಜುಂಜಮ್ಮ, ಅವೆ ಸಾರ್, ಇಲ್ಲೇ ಅವೆ ಎಂದಳು. ನಾಗಾರ್ಜುನ ತಿರುಗಿ ನೋಡಿದ. ಅವನಿಗೆ ಕೂತ ಹಕ್ಕಿ ಕಂಡಿತು, ಮರಳು ಕಂಡಿತು, ಮೊಟ್ಟೆ ಕಾಣಲಿಲ್ಲ. ಆದರೂ ಅವಳ ಮಾತನ್ನು ತಳ್ಳಿಹಾಕದೆ ಜೇಬಿನಿಂದ ಪೆನ್ನು ತೆಗೆದು, ಎಷ್ಟು ಎಂದು ಕೇಳಿದ.

ಜುಂಜಮ್ಮ ಕೈಯ ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅಂಕಿಯಿಲ್ಲದೆ ನಾನು ಮೇಲಿನವರಿಗೆ ಏನು ಬರೆಯಲಿ ಅಮ್ಮಾ ಎಂದು ಮೆತ್ತಗೆ ಹೇಳಿದ. ನಾಳೆ ಬೆಳಿಗ್ಗೆ ಇಲ್ಲೇ ಬರುತ್ತೇನೆ, ಅಷ್ಟರಲ್ಲಿ ನೀವು ಎಣಿಸಿ ಹೇಳಿದರೆ ಗೂಟ ಕೀಳಿಸಿ ಏಳನೇ ದಂಡೆಯಾಚೆಯ ಹಳೇ ಗುಂಡಿಯ ಕಡೆ ಮಷೀನು ಕಳಿಸುತ್ತೇನೆ ಎಂದೂ ಹೇಳಿದ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಒಳ್ಳೆಯವನಾದ್ದರಿಂದ ಜುಂಜಮ್ಮ ಆ ಭಾರವನ್ನು ಹೊತ್ತುಕೊಂಡೇ ಮನೆಗೆ ಬಂದಳು.

ಕೊನೆಯ ಕಾಲಮ್ಮಿನ ಮೇಲೆ ಇದ್ದದ್ದು 'ಗುಡ್ಲು, ಪಿಲ್ಲಲು' ಎಂದು. ಮೊಟ್ಟೆ, ಮರಿ. ಜುಂಜಮ್ಮ ಅದನ್ನು ಓದಲಾರದೆ ಬಿಟ್ಟವಳಲ್ಲ. ಅವಳು ಕುರಿ ಸಾಕುವವರ ಮಗಳು, ಕುರಿ ಸಾಕುವವನ ಹೆಂಡತಿ. ಹುಲ್ಲಿಗೆ ಬಾಯಿ ಹಾಕುವವರೆಗೆ ಮರಿಯನ್ನು ಎಣಿಸಬಾರದು. ಅವಳ ಅಪ್ಪ ಎಣಿಸುತ್ತಿರಲಿಲ್ಲ, ನರಸಪ್ಪನೂ ಎಣಿಸುವುದಿಲ್ಲ. ಸಂಜೆ ರೊಪ್ಪದ ಬಾಗಿಲಲ್ಲಿ ಕುರಿಗಳ ಲೆಕ್ಕ ಹಿಡಿಯುವಾಗ ಹಾಲುಮರಿಗಳು ಅವನ ಕಾಲ ಸಂದಿಯಲ್ಲೇ ನುಸುಳಿ ಹೋದರೂ ಅವಕ್ಕೆ ಅಂಕಿಯಿಲ್ಲ. ಪಶುವೈದ್ಯರ ಕಾಂಪೌಂಡರ್ ಹುಳದ ಔಷಧಿ ತಂದು ಎಷ್ಟು ತಲೆ ಎಂದು ಕೇಳಿದಾಗ ನರಸಪ್ಪ ಇಪ್ಪತ್ತೆಂಟು ಎನ್ನುತ್ತಾನೆ. ಮರಿಗಳು ಅರಚುತ್ತಿರುತ್ತವೆ. ಅವೇನ್ರಿ ಎಂದರೆ, ಅವು ಇನ್ನಾ ಬಂದಿಲ್ರಿ ಎನ್ನುತ್ತಾನೆ. ಕಾಂಪೌಂಡರ್ ತಲೆ ಚಚ್ಚಿಕೊಂಡು ತಾನೇ ನಾಲ್ಕು ಡೋಸು ಹೆಚ್ಚಿಗೆ ಇಟ್ಟು ಹೋಗುತ್ತಾನೆ.

ಹಕ್ಕಿಗಳಿಗೂ ಅವಳು ಅದೇ ಕಟ್ಟಳೆ ಹಿಡಿದಳು. ರೆಕ್ಕೆ ಬಂದು ಹಾರಿದ ಮೇಲೆ ದೊಡ್ಡ ಹಕ್ಕಿಗಳ ಜೊತೆಗೆ ಬರೆದುಕೊಂಡಳು. ಅಲ್ಲಿಯವರೆಗೆ ಸೊನ್ನೆ. ಆ ಸೊನ್ನೆಯನ್ನು ಅವಳು ಬರೆಯುತ್ತಿದ್ದದ್ದು ರೊಪ್ಪಕ್ಕೆ ಮುಳ್ಳುಬೇಲಿ ಎಳೆದ ಹಾಗೆ, ಯಾವುದರ ಕಣ್ಣೂ ಒಳಗೆ ಬೀಳದಿರಲಿ ಎಂದು.

ಇನ್ನೂ ಒಂದಿತ್ತು, ಅದನ್ನು ಅವಳು ಯಾರಿಗೂ ಹೇಳಿದವಳಲ್ಲ. ಅವಳಿಗೆ ಮೊದಲೆರಡು ಗಂಡು. ಮೂರನೆಯದು ಹೆಣ್ಣು. ಹುಟ್ಟಿ ಹನ್ನೆರಡನೇ ದಿನ ನರ್ಸಮ್ಮ ದೊಡ್ಡ ರಿಜಿಸ್ಟರು ತಂದು ಪಿಲ್ಲಲು ಎಷ್ಟು ಎಂದು ಕೇಳಿದಳು. ತೆಲುಗಿನಲ್ಲಿ ಹಕ್ಕಿಯ ಮರಿಗೂ ಮನುಷ್ಯರ ಮಕ್ಕಳಿಗೂ ಒಂದೇ ಮಾತು. ಅತ್ತೆ ಕಣ್ಣು ಸನ್ನೆ ಮಾಡುತ್ತಿದ್ದರೂ, ಮಗು ಬಲು ಚೆನ್ನಾಗಿತ್ತಲ್ಲ, ಜುಂಜಮ್ಮ ಗಟ್ಟಿಯಾಗಿ ಮೂರು ಎಂದಳು. ಎರಡನೇ ತಿಂಗಳು ಮಗು ಉಳಿಯಲಿಲ್ಲ. ಜ್ವರ ಎಂದರು. ಜ್ವರವೇ ಎಂದು ಅವಳಿಗೂ ಗೊತ್ತು. ಗೊತ್ತಿರುವುದು ಒಂದು, ನಾಲಿಗೆ ನಂಬುವುದು ಇನ್ನೊಂದು.

ಆ ಸಂಜೆ ಅವಳು ಮುದ್ದೆ ಮುರಿಯದೆ ಕೂತದ್ದು ನೋಡಿ ನರಸಪ್ಪ ವಿಷಯ ಕೇಳಿದ. ಎಲ್ಲ ಕೇಳಿದ ಮೇಲೂ ಎಣಿಸು ಎನ್ನಲಿಲ್ಲ, ಬ್ಯಾಡ ಎನ್ನಲಿಲ್ಲ. ಎದ್ದು ಹೋಗಿ ರೊಪ್ಪದ ಬೇಲಿಯ ಸಡಿಲ ಮುಳ್ಳನ್ನು ಒತ್ತಿ ಸರಿಮಾಡಿ ಬಂದ.

“ನಮ್ಮ ಮರಿಗೆ ನಾವು ಅದೀವಿ,” ಎಂದ ಕೊನೆಗೆ. “ನಾವು ಎಣಿಸದಿದ್ರೂ ಬೇಲಿ ನಾವಾ ಹಾಕ್ತೀವಿ. ಅವಕ್ಕ ಬೇಲಿ ಹಾಕಾವ್ರು ಯಾರು?”

ಹಾಗೆಂದವನು ತಾನೇ ಶಾಂತಕುಮಾರಿಗೆ ಫೋನು ಹಚ್ಚಿಕೊಟ್ಟ.

ಮರುದಿನ ಇನ್ನೂ ಬೆಳಕು ಹರಿಯುವಾಗ ಮೇಡಮ್ಮಿನ ಸ್ಕೂಟಿ ಏರಿಯ ಮೇಲೆ ಬಂದು ನಿಂತಿತು. ಮೂರು ವರ್ಷದ ಹಾಳೆಗಳು ಅವರ ಚೀಲದಲ್ಲಿದ್ದವು. ಸಿಟ್ಟು ಇರಬಹುದೆಂದು ಜುಂಜಮ್ಮ ಅಂಜಿದ್ದಳು. ಸಿಟ್ಟಿರಲಿಲ್ಲ, ನಿದ್ದೆಗೆಟ್ಟ ಮುಖವಿತ್ತು. ಸೊನ್ನೆಯ ಕತೆಯನ್ನು ಜುಂಜಮ್ಮ ತಲೆ ತಗ್ಗಿಸಿಕೊಂಡೇ ಹೇಳಿದಳು. ಕುರಿಯದನ್ನು ಹೇಳಿದಳು, ಕೂಸಿನದನ್ನು ಹೇಳಲಿಲ್ಲ.

ಶಾಂತಕುಮಾರಿ ಹಾಳೆಗಳನ್ನು ತಿರುವಿ ಒಂದು ಕಡೆ ಬೆರಳಿಟ್ಟರು.

“ಪ್ರತಿ ವರ್ಷ ಮೇ ತಿಂಗಳಾಗ ನಿಮ್ಮ ದಂಡಿಯಾಗ ಹಕ್ಕಿ ಒಮ್ಮೆಗೇ ಜಾಸ್ತಿ ಆಗ್ತಾವ. ನಾ ಇದನ್ನ ಬ್ಯಾರೆ ಕೆರಿಯಿಂದ ಬಂದಾವ ಅಂತ ಬರ್ದು ಎರಡು ಸೆಮಿನಾರದಾಗ ಓದಿ ಬಂದೀನ್ರಿ ಜುಂಜಮ್ಮ.”

“ಎಲ್ಲಿಂದ್ಲೂ ಬಂದಿಲ್ಲ ಕಣಮ್ಮ. ಇಲ್ಲೇ ಹುಟ್ಟಿದ್ವು. ಹಾರಿದ್ಮೇಲೆ ಬರ್ದೆ.”

ಮೇಡಂ ಬಾಯಿಗೆ ಸೆರಗು ಅಡ್ಡ ಹಿಡಿದರು. ನಗುತ್ತಿದ್ದರು ಎಂದು ತಿಳಿಯಲು ಜುಂಜಮ್ಮನಿಗೆ ಸ್ವಲ್ಪ ಹೊತ್ತು ಬೇಕಾಯಿತು. ತಪ್ಪು ನಂದೂ ಐತಿ, ಮೂರು ವರ್ಷ ಯಾಕ ಸೊನ್ನಿ ಅಂತ ಒಂದು ಮಾತು ಕೇಳಲಿಲ್ಲ ನಾನು ಎಂದರು. ಆಮೇಲೆ, ನಿಮ್ಮ ನೇಮ ನೀವು ಬಿಡಬ್ಯಾಡ್ರಿ, ಜಾಗ ತೋರಿಸ್ರಿ, ನಾನೇ ಎಣಿಸ್ತೀನಿ ಎಂದು ಚಪ್ಪಲಿ ಬಿಟ್ಟು ಮರಳಿಗಿಳಿದರು. ಜುಂಜಮ್ಮನಿಗೆ ದೊಡ್ಡ ಭಾರ ಇಳಿದ ಹಾಗಾಯಿತು. ಹಿಂದಿನಿಂದ ನಡೆದಳು.

ಎಂಟು ಹೆಜ್ಜೆಗೆ ಅವಳು ಮೇಡಮ್ಮಿನ ರಟ್ಟೆ ಹಿಡಿದು ನಿಲ್ಲಿಸಿದಳು. ಅವರ ಹೆಬ್ಬೆರಳಿನಿಂದ ಒಂದು ಗೇಣು ಮುಂದೆ ಎರಡು ಮೊಟ್ಟೆಗಳಿದ್ದವು. ಬೆರಳು ಮಾಡಿ ತೋರಿಸಿದ ಮೇಲೂ ಶಾಂತಕುಮಾರಿಗೆ ಕಾಣಲು ಸಮಯ ಹಿಡಿಯಿತು. ಕಂಡ ಮೇಲೆ ಅವರ ಮುಖದ ಬಣ್ಣ ಇಳಿಯಿತು. ಅಷ್ಟರಲ್ಲಿ ಹೊಸಬರ ಕಾಲು ಕಂಡು ಕತ್ತರಿಗಳು ಒಟ್ಟಿಗೆ ಎದ್ದು ತಲೆಯ ಮೇಲೆ ಕಿರಿಚುತ್ತ ಸುತ್ತತೊಡಗಿದ್ದವು. ಬಿಸಿಲು ಬಿದ್ದ ಮೇಲೆ ಅವು ಹೀಗೆ ಎದ್ದರೆ ಮೊಟ್ಟೆ ಬೆಂದೇ ಹೋಗುತ್ತದೆ. ಗುಡ್ಡದ ನೆತ್ತಿಯಲ್ಲಿ ಬಿಳುಪು ಮೂಡಿತ್ತು. ಮೇಡಂ ತಾವು ಇಟ್ಟ ಹೆಜ್ಜೆಗಳ ಮೇಲೇ ಕಾಲಿಡುತ್ತ ಹಿಂದಕ್ಕೆ ಹೋದರು. ಎಣಿಸಿ ಎನ್ನದೆ ಪೆನ್ನು ಮಾತ್ರ ಚಾಚಿದರು.

ಜುಂಜಮ್ಮ ಪೆನ್ನು ತೆಗೆದುಕೊಳ್ಳಲಿಲ್ಲ. ಬರೀ ಕೈಯಲ್ಲಿ ನಡೆದಳು. ಕುರಿಗಳ ನಡುವೆ ನಡೆಯುವ ಹಾಗೆ, ಯಾವುದರ ಕಡೆಗೂ ನೇರ ಹೋಗದೆ, ಎಲ್ಲದರ ಪಕ್ಕಕ್ಕೂ ಹಾಯುತ್ತ, ತನಗೆ ತಾನೇ ಏನೋ ಗೊಣಗುತ್ತ. ಹಕ್ಕಿಗಳು ಮೂರು ವರ್ಷದಿಂದ ಕೇಳಿದ ಗೊಣಗು ಅದು. ಒಂದೊಂದೇ ಹಕ್ಕಿ ಇಳಿದು ತನ್ನ ಜಾಗಕ್ಕೆ ಕೂತಿತು.

ಅಪ್ಪ ಕಾಳು ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದ. ಅವಳೂ ಮೊದಲ ಮೊಟ್ಟೆಯ ಹತ್ತಿರ ಲಾಭ ಎಂದಳು. ಅದರ ಜೋಡಿಗೆ ಎರಡು ಎಂದಳು. ನಾಲ್ಕು ಹೆಜ್ಜೆಯಾಚೆ, ದನದ ಗೊರಸು ಒತ್ತಿದ ಕುಳಿಯಲ್ಲಿ, ಒಂದು ಮರಿ ಮರಳಿಗೆ ಮರಳಾಗಿ ಒರಗಿತ್ತು. ಕಣ್ಣು ಮಾತ್ರ ತೆರೆದಿತ್ತು. ಜುಂಜಮ್ಮನ ನಾಲಿಗೆ ಅಲ್ಲಿಯೇ ನಿಂತಿತು. ಮರಳಿನ ಅಂಚಿನಲ್ಲಿದ್ದ ಶಾಂತಕುಮಾರಿಗೆ, ಇವಳು ಒಂದು ಕುಳಿಯ ಮುಂದೆ ಕುಕ್ಕರುಗಾಲಲ್ಲಿ ಕೂತದ್ದು, ಎಷ್ಟು ಹೊತ್ತಾದರೂ ಏಳದ್ದು ಕಂಡಿತು. ಮರಿಯ ಎದೆ ಒಂದೇ ಸಮ ಹೊಡೆದುಕೊಳ್ಳುತ್ತಿತ್ತು. ಎರಡು ಗೂಟಗಳಿಗೆ ಕಟ್ಟಿದ ದಾರ ಅದರ ಬೆನ್ನಿನ ಮೇಲೇ ಹಾದಿತ್ತು.

“ಮೂರು,” ಎಂದಳು ಜುಂಜಮ್ಮ, ಅದಕ್ಕೆ ಮಾತ್ರ ಕೇಳುವ ಹಾಗೆ. “ನೀನು ಮೂರು ಕಣವ್ವ. ಉಳ್ಕೋ.”

ಎದ್ದಳು. ನಾಲ್ಕು, ಐದು ಎಂದು ಮುಂದೆ ಹೋದಳು.

ಅವಳು ವಾಪಸು ಬರುವ ಹೊತ್ತಿಗೆ ನಾಗಾರ್ಜುನನೂ ಬಂದು ನಿಂತಿದ್ದ. ಒಟ್ಟು ನಲವತ್ತಮೂರು, ಅದರಲ್ಲಿ ಮೊಟ್ಟೆ ಇಪ್ಪತ್ತಾರು, ಮರಿ ಹದಿನೇಳು ಎಂದು ಅವಳು ಹೇಳಿದಳು. ಅವನು ಬರೆದುಕೊಂಡ. ಏಳು ದಂಡೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಇಲ್ಲೇ ಎಂದು ಅವನೇ ಬೆರಗಾಗಿ, ಹೋದ ವರ್ಷದ್ದೂ ಅದರ ಹಿಂದಿನದೂ ಬೇಕು, ಎಷ್ಟಿದ್ದವು ಎಂದು ಕೇಳಿದ.

“ಎಷ್ಟು ಅಂತ ಗೊತ್ತಿಲ್ಲ ಸಾರ್. ಯಾವ್ಯಾವು ಅಂತ ಗೊತ್ತು.”

ಅವನಿಗೆ ಅರ್ಥವಾಗಲಿಲ್ಲ. ಅವಳು ಹೇಳುತ್ತ ಹೋದಳು. ಹೋದ ವರ್ಷ ತೂಬಿನ ಪಕ್ಕ ಮೂರು ಮೊಟ್ಟೆಯಿಟ್ಟದ್ದು ಒಂದು, ಅದರದು ಎರಡೇ ಒಡೆದವು. ಕಾಲಿಗೆ ಬಲೆಯ ದಾರ ಸುತ್ತಿಕೊಂಡಿತ್ತೊಂದು ಮರಿ, ಹಲ್ಲಿನಿಂದ ಕಚ್ಚಿ ಬಿಡಿಸಿದೆ, ಈ ವರ್ಷ ಕುಂಟುತ್ತ ಬಂದು ಅದೇ ಜಾಗದಲ್ಲಿ ಕೂತಿದೆ. ಅದರ ಹಿಂದಿನ ವರ್ಷ ನೀರು ಬೇಗ ಬಿಟ್ಟರು, ಕೆಳಗಿನ ಸಾಲು ಪೂರ್ತಿ ಹೋಯಿತು, ಮೇಲಿನ ಸಾಲಿನ ಕರಿಚುಕ್ಕೆಯದು, ಗಿಡ್ಡನದು, ಜಗಳಗಂಟಿಯದು ಉಳಿದವು. ನಾಗಾರ್ಜುನ ಮೊದಮೊದಲು ಬೆರಳು ಮಡಚಿ ಕೂಡಿಸುತ್ತಿದ್ದ. ಆಮೇಲೆ ಬೆರಳು ಬಿಟ್ಟು ಸುಮ್ಮನೆ ಕೇಳಿದ. ಪೆನ್ನು ಜೇಬಿಗಿಟ್ಟು, ಹತ್ತಿರದ ಗೂಟವನ್ನು ತಾನೇ ಬಗ್ಗಿ ಕಿತ್ತ. ಮೇಲಿನವರಿಗೆ ಹೇಳಬೇಕಾಗುತ್ತದೆ, ಹೇಳುತ್ತೇನೆ, ಮಷೀನು ಅಂತೂ ಈ ಕಡೆ ಇಳಿಯುವುದಿಲ್ಲ ಎಂದ.

ಆಗ ಶಾಂತಕುಮಾರಿ ಹಾಳೆಯ ಮೇಲೆ ಬಗ್ಗಿ, ಇಪ್ಪತ್ತಾರರಲ್ಲಿ ಬಿರುಕು ಬಿಟ್ಟದ್ದು ಇದೆಯೇ ಎಂದು ವಿಚಾರಿಸಿದರು. ಹಾಸುಗಲ್ಲಿನ ಹತ್ತಿರದ್ದೊಂದು ಒಡೀತಾ ಐತೆ, ಕೊಕ್ಕು ಆಚೆಗೆ ಬಂದೈತೆ ಎಂದಳು ಜುಂಜಮ್ಮ. ಹಾಗಾದರೆ ಅದು ಮೊಟ್ಟೆಯೋ ಮರಿಯೋ ಎಂಬ ಮಾತೆದ್ದಿತು. ಪೂರ್ತಿ ಹೊರಗ ಬರೋತನಕ ಮೊಟ್ಟಿ ಅಂತನಾ ಹಿಡೀಬೇಕ್ರಿ, ನಿಯಮ ಹಂಗೈತಿ ಎಂದು ಮೇಡಂ. ಕೊಕ್ಕು ಬಂದ ಮೇಲೆ ಮರಿಯೇ ಅಲ್ಲವೇ, ತುಂಬು ಬಸುರಿ ನನ್ನ ಹೆಂಡತಿ, ಅವಳು ಕೇಳಿದರೆ ನಿಮ್ಮನ್ನು ಒಪ್ಪುವುದಿಲ್ಲ ಎಂದು ನಾಗಾರ್ಜುನ. ಇಬ್ಬರೂ ಹಾಳೆಯನ್ನು ಎರಡು ಕಡೆಯಿಂದ ಹಿಡಿದು ನಿಂತರು.

ಬಿಸಿಲು ಗುಡ್ಡ ದಾಟಿ ದಂಡೆಗೆ ಇಳಿಯಿತು. ಮರಳಿನ ಮೇಲೆ ಕೂತ ಹಕ್ಕಿಗಳ ಸಾಲು ಒಮ್ಮೆಲೇ ಹೊಳೆಯಿತು. ಮೂವರೂ ನಿಂತಿದ್ದ ಕಡೆಯ ಐದಾರು ಕತ್ತರಿಗಳು ಇನ್ನೂ ಇಳಿದಿರಲಿಲ್ಲ, ಇಳಿಯಲು ಬಂದು ಬಂದು ಮೇಲೇರುತ್ತಿದ್ದವು.

“ನೀವೇ ಹೇಳಿ ಅಮ್ಮಾ,” ನಾಗಾರ್ಜುನ ತಿರುಗಿದ. “ಇಪ್ಪತ್ತಾರಾ, ಇಪ್ಪತ್ತೈದಾ?”

“ನಾವಿಲ್ಲಿ ನಿಂತಿರೋಗಂಟ ಅವು ಕೂರಾಕಿಲ್ಲ ಸಾರ್,” ಎಂದಳು ಜುಂಜಮ್ಮ.

ಅದಲ್ಲಮ್ಮಾ, ಈ ಕಾಲಮ್ಮಿನಲ್ಲಿ ಎಂದು ಅವನು ಹಾಳೆಯನ್ನು ಅವಳ ಕಡೆ ತಿರುಗಿಸುತ್ತಿದ್ದ. ಅವಳು ಆಗಲೇ ಏರಿಯ ದಾರಿ ಹಿಡಿದಿದ್ದಳು.